25 ಸಾವಿರದ ಡ್ರೋನ್, 65 ಸಾವಿರದ ಡ್ರೋನ್: ಎರಡಕ್ಕೂ ಬಿಲ್ ಎಲ್ಲಿ?

ಭದ್ರಾವತಿಯಲ್ಲಿ ಮದುವೆ ವಿಡಿಯೊ ಮಾಡುವ ನನ್ನ ಚಿಕ್ಕಮ್ಮನ ಮಗ ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಅಣ್ಣಾ, ಡ್ರೋನ್ ತಗೊಳ್ಳೋಣ ಅಂತಿದೀನಿ. ಕಮ್ಮಿದು ಸಾಕಾ, ಇಲ್ಲಾ ಸಾಲ ಮಾಡಿ ಪ್ರೋ ತಗೊಳ್ಲಾ?" ಇಂಜಿನಿಯರಿಂಗ್ ಓದಿ ಅದನ್ನು ಬಿಟ್ಟು ಪತ್ರಕರ್ತನಾದ ಮೇಲೂ ಮನೆಯವರು ನನ್ನನ್ನು ಕೇಳೋದು ಇಂಥದ್ದನ್ನೇ: ಯಾವ ಇನ್ವರ್ಟರ್ ಬ್ಯಾಟರಿ, ಯಾವ ಫ್ರಿಜ್, ಯಾವ ಫೋನ್. ಐದು ನಿಮಿಷದಲ್ಲಿ ಹೇಳಿ ಮುಗಿಸ್ತೀನಿ ಅಂದುಕೊಂಡೆ. ಎರಡು ವಾರ ಹಿಡೀತು. ಯಾಕಂದ್ರೆ ಕ್ಯಾಮೆರಾ ಬಗ್ಗೆ ಅವನು ಕೇಳಿದ ಪ್ರಶ್ನೆ ಸುಲಭದ್ದು. ಅವನು ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆ ಇದೆ, ಅದು ಹೋಗಿ ನಿಲ್ಲೋದು ದೆಹಲಿಯಲ್ಲಿ.

ಮೊದಲು ಸುಲಭದ್ದನ್ನು ಮುಗಿಸೋಣ. ಮದುವೆ ಹುಡುಗರ ಬಾಯಲ್ಲಿ ಡ್ರೋನ್ ಅಂದ್ರೆ ಚೀನಾದ ಶೆಂಜೆನ್‌ನ ಡಿಜೆಐ ಕಂಪನಿಯ ಮಿನಿ ಸರಣಿ. ಕಮ್ಮಿದು ಅಂದ್ರೆ 2024ರ ಏಪ್ರಿಲ್‌ನಲ್ಲಿ ಬಂದ ಮಿನಿ 4ಕೆ. ಪ್ರೋ ಅಂದ್ರೆ 2023ರ ಸೆಪ್ಟೆಂಬರ್‌ನಲ್ಲಿ ಬಂದ ಮಿನಿ 4 ಪ್ರೋ. ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದಕ್ಕೆ 299 ಡಾಲರ್, ಇನ್ನೊಂದಕ್ಕೆ 759 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 25 ಸಾವಿರ ಮತ್ತು 65 ಸಾವಿರ. ಎರಡೂ ಅಂಗೈ ಮೇಲೆ ಕೂರುವಷ್ಟು ಚಿಕ್ಕವು, ಎರಡೂ 250 ಗ್ರಾಂ ಒಳಗೆ, ಎರಡೂ 4ಕೆ ವಿಡಿಯೊ ತೆಗೆಯುತ್ತವೆ, ಹಾರುವ ಸಮಯ ಕಾಗದದ ಮೇಲೆ 31 ನಿಮಿಷ ಮತ್ತು 34 ನಿಮಿಷ. ತಡೆದುಕೊಳ್ಳುವ ಗಾಳಿಯೂ ಒಂದೇ, ಸೆಕೆಂಡಿಗೆ 10.7 ಮೀಟರ್. ಹಾಗಾದ್ರೆ 40 ಸಾವಿರ ಜಾಸ್ತಿ ಯಾತಕ್ಕೆ?

ಉತ್ತರ ಸಂಜೆ ಆರೂವರೆ ನಂತರ ಗೊತ್ತಾಗುತ್ತೆ. ಅಗ್ಗದ್ದರ ಸೆನ್ಸರ್ ಒಂದರಲ್ಲಿ 2.3 ಭಾಗದ ಇಂಚಿನದು, ದುಬಾರಿಯದರದ್ದು ಒಂದರಲ್ಲಿ 1.3 ಭಾಗದ್ದು. ಹೆಸರು ಕೇಳಿದರೆ ಏನೂ ತಿಳಿಯಲ್ಲ, ವಿಸ್ತೀರ್ಣ ತೆಗೆದು ನೋಡಿ: ದುಬಾರಿಯ ಸೆನ್ಸರ್ ಸುಮಾರು ಎರಡೂವರೆ ಪಟ್ಟು ದೊಡ್ಡದು. ಲೆನ್ಸ್ ಬಾಯಿ ಅಗ್ಗದ್ದರಲ್ಲಿ ಎಫ್ 2.8, ಇನ್ನೊಂದರಲ್ಲಿ ಎಫ್ 1.7. ಇದರಿಂದ ಇನ್ನೂ ಎರಡೂಮುಕ್ಕಾಲು ಪಟ್ಟು. ಎರಡನ್ನೂ ಗುಣಿಸಿದರೆ ಒಂದೇ ದೃಶ್ಯದಿಂದ ಆರು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬರುತ್ತೆ. ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಛತ್ರದ ಹೊರಗಿನ ಬಿಸಿಲಲ್ಲಿ ಎರಡರ ವಿಡಿಯೊವನ್ನೂ ಫೋನಿನಲ್ಲಿ ತೋರಿಸಿದರೆ ಹುಡುಗಿ ಕಡೆಯವರಿಗೆ ಮಾತ್ರ ಅಲ್ಲ, ನನಗೂ ವ್ಯತ್ಯಾಸ ಕಾಣಲ್ಲ. ಆರತಕ್ಷತೆಯ ಸೀರಿಯಲ್ ಲೈಟ್ ಬೆಳಕಲ್ಲಿ ಅಗ್ಗದ್ದರ ಆಕಾಶ ರವೆ ಚೆಲ್ಲಿದ ಹಾಗೆ ಕಾಣುತ್ತೆ. ಇನ್ನೊಂದರಲ್ಲಿ ಕತ್ತಲು ಕತ್ತಲಾಗೇ ಇರುತ್ತೆ, ದೀಪ ದೀಪವಾಗಿ.

ಎರಡನೇ ವ್ಯತ್ಯಾಸ ಅಡಿಕೆ ತೋಟ. ಪ್ರೀ-ವೆಡ್ಡಿಂಗ್ ಶೂಟ್ ಅಂದ್ರೆ ನಮ್ಮ ಕಡೆ ತೋಟ, ಕೆರೆ ಏರಿ, ಭದ್ರಾ ನಾಲೆ ಇದ್ದೇ ಇರಬೇಕು. ಪ್ರೋ ಮಾದರಿಗೆ ಸುತ್ತಲೂ ಅಡೆತಡೆ ಗುರುತಿಸುವ ಕಣ್ಣುಗಳಿವೆ, ಮರದ ಹತ್ತಿರ ಹೋದರೆ ತಾನೇ ನಿಲ್ಲುತ್ತೆ. ಅಗ್ಗದ್ದಕ್ಕೆ ಕೆಳಗೆ ನೋಡುವ ಸೆನ್ಸರ್ ಮಾತ್ರ. ಹಿಂದಕ್ಕೆ ಹಾರಿಸ್ತಾ ಹೋದರೆ ಅಡಿಕೆ ಮರದ ಹೆಡಲಿಗೆ ಸಿಕ್ಕಿಕೊಂಡ ಮೇಲೇ ಗೊತ್ತಾಗೋದು. ಆದರೆ ದುಬಾರಿಯದನ್ನೂ ಪೂರ್ತಿ ನಂಬಬೇಡಿ. ತೆಳ್ಳಗಿನ ವಯರು, ಚಿಕ್ಕ ಕೊಂಬೆ ಅದಕ್ಕೂ ಸರಿಯಾಗಿ ಕಾಣಲ್ಲ, ಮದುವೆ ಮನೆಯ ಮುಂದೆ ಅವೇ ಜಾಸ್ತಿ. ಇನ್ನು ಮಳೆ. ಎರಡಕ್ಕೂ ನೀರು ತಡೆಯುವ ಗುಣ ಇಲ್ಲ. ಪುಣ್ಯಕ್ಕೆ ಆಷಾಢದಲ್ಲಿ ಮದುವೆಯೂ ಇಲ್ಲ.

ಇವೆರಡಕ್ಕೂ ಕೆಳಗೆ ಮೂರನೆಯದೊಂದಿದೆ. ಆನ್‌ಲೈನ್‌ನಲ್ಲಿ ಮೂರು ನಾಲ್ಕು ಸಾವಿರಕ್ಕೆ ಸಿಗುವ, ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿರುವ ಸಾಮಾನು. ಜಿಪಿಎಸ್ ಇಲ್ಲ, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಇಲ್ಲ, ಹತ್ತು ನಿಮಿಷಕ್ಕೆ ಬ್ಯಾಟರಿ ಖಾಲಿ. ಮಕ್ಕಳಿಗೆ ಕೊಡಿಸಿ, ತೊಂದರೆ ಇಲ್ಲ. ಅದರಲ್ಲಿ ಮದುವೆ ತೆಗೆದರೆ ಅಡ್ವಾನ್ಸ್ ವಾಪಸ್ ಕೊಡಬೇಕಾಗುತ್ತೆ. ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ಅಂತರರಾಷ್ಟ್ರೀಯ ಕಸ್ಟಮ್ಸ್ ಪಟ್ಟಿಯಲ್ಲಿ ಆಟಕ್ಕೆಂದೇ ಮಾಡಿದ ಹಾರುವ ವಸ್ತುಗಳನ್ನು ಡ್ರೋನ್ ಅಂತ ಲೆಕ್ಕ ಹಾಕಲ್ಲ, ಅವಕ್ಕೆ ಆಟಿಕೆಗಳ ಅಧ್ಯಾಯ ಬೇರೆ ಇದೆ. ಕೆಲಸಕ್ಕೆ ಬಾರದ ಡ್ರೋನ್ ದೇಶದೊಳಗೆ ಬರೋಕೆ ದಾರಿ ಇದೆ. ಕೆಲಸಕ್ಕೆ ಬರುವ ಡ್ರೋನಿಗೆ ಇಲ್ಲ.

ಅವನು ಕೇಳದ ಪ್ರಶ್ನೆ ಇದೇ. 2022ರ ಫೆಬ್ರವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿ ಡ್ರೋನ್ ಆಮದನ್ನು ನಿಷೇಧಿಸಿತು. ಪೂರ್ತಿ ಜೋಡಿಸಿದ್ದಾದರೂ ಸರಿ, ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸುವ ಕಿಟ್ ಆದರೂ ಸರಿ, ತರುವಂತಿಲ್ಲ. ರಕ್ಷಣೆ, ಭದ್ರತೆ, ಸಂಶೋಧನೆಗೆ ವಿನಾಯಿತಿ. ಬಿಡಿಭಾಗಗಳಿಗೆ ತಡೆ ಇಲ್ಲ. ಈಗ ಮೇಲೆ ಬರೆದ ಎರಡು ತಾರೀಖುಗಳನ್ನು ಇನ್ನೊಮ್ಮೆ ನೋಡಿ: 2023ರ ಸೆಪ್ಟೆಂಬರ್, 2024ರ ಏಪ್ರಿಲ್. ಎರಡೂ ಡ್ರೋನ್ ಹುಟ್ಟಿದ್ದೇ ನಿಷೇಧ ಬಂದ ಮೇಲೆ. ಅಂದರೆ ಮದುವೆ ವಿಡಿಯೊ ಮಾಡುವವನಿಗೆ ಅಂತ ಇವು ನೇರ ದಾರಿಯಲ್ಲಿ ಭಾರತಕ್ಕೆ ಬರೋದು ಸಾಧ್ಯವೇ ಇರಲಿಲ್ಲ. ಆದರೂ ಇವತ್ತು ಯಾವ ಮದುವೆಗೆ ಹೋದರೂ ತಲೆ ಮೇಲೆ ಗುಂಯ್ ಅಂತಿರುತ್ತೆ. ಯಾರದೋ ಸೂಟ್‌ಕೇಸಿನಲ್ಲಿ, ಇನ್ಯಾವುದೋ ಹೆಸರಿನ ಪಾರ್ಸೆಲ್ಲಿನಲ್ಲಿ ಬಂದವು ಅವು. ನನ್ನ ತಮ್ಮನಿಗೆ ಅಂಗಡಿಯವನೊಬ್ಬ ಹೇಳಿದ್ದು ಇಷ್ಟು: ಬಿಲ್ ಬೇಕಂದ್ರೆ ಬ್ಯಾಟರಿ, ಬ್ಯಾಗಿಗೆ ಕೊಡ್ತೀನಿ, ಡ್ರೋನಿಗೆ ಕೇಳಬೇಡಿ.

ಬಿಲ್ ಇಲ್ಲದಿದ್ದರೆ ಏನಾಯ್ತು, ಎಷ್ಟೋ ಸಾಮಾನು ಹಾಗೇ ತಗೋತೀವಲ್ಲ ಅಂತ ಅವನ ವಾದ. ಸಮಸ್ಯೆ ಶುರುವಾಗೋದು ನೋಂದಣಿಯಲ್ಲಿ. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು ನಿಜವಾಗಿ ಉದಾರವಾದವು. ಅದಕ್ಕೂ ಮುಂಚಿನ ನಿಯಮಗಳಿಗೆ ಹೋಲಿಸಿದರೆ ಬಹುಪಾಲು ಫಾರಂ ಕಿತ್ತು ಹಾಕಿದರು, ಅದಕ್ಕೆ ಸರ್ಕಾರಕ್ಕೆ ಅಂಕ ಕೊಡಲೇಬೇಕು. 250 ಗ್ರಾಂ ಒಳಗಿನದು ನ್ಯಾನೊ. ಅದನ್ನು ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ, ದುಡ್ಡಿಗೆ ಹಾರಿಸಿದರೂ ಬೇಡ. ಟೈಪ್ ಸರ್ಟಿಫಿಕೇಟ್ ಬೇಡ, ವಿಮೆ ಬೇಡ. ಆದರೆ ನೋಂದಾಯಿಸಿ ಯುಐಎನ್ ಎಂಬ ವಿಶಿಷ್ಟ ಸಂಖ್ಯೆ ಪಡೆಯಬೇಕು, ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಕಳ್ಳದಾರಿಯಲ್ಲಿ ಬಂದ ಸಾಮಾನಿಗೆ ಆ ನಂಬರ್ ಪಡೆಯೋದು ಹೇಗೆ? 2021ರ ನವೆಂಬರ್ 30ಕ್ಕೆ ಮುಂಚೆ ಕೊಂಡಿದ್ದವರಿಗೆ 2022ರ ಮಾರ್ಚ್ 31ರವರೆಗೆ ಒಂದು ಬಾಗಿಲು ತೆರೆದಿತ್ತು. ಅದು ಮುಚ್ಚಿತು. ಆಮೇಲೆ ಬಂದವರು ಹೊರಗೇ.

ಈ 250 ಗ್ರಾಂ ಗೆರೆ ಬಗ್ಗೆ ಒಂದು ಮಾತು. ಈ ಡ್ರೋನುಗಳ ವಿನ್ಯಾಸವನ್ನು ಬರೆದದ್ದು ಇಂಜಿನಿಯರುಗಳಿಗಿಂತ ಹೆಚ್ಚಾಗಿ ಬೇರೆ ಬೇರೆ ದೇಶದ ಕಾನೂನುಗಳು. 2019ರಲ್ಲಿ ಮೊದಲ ಮಾವಿಕ್ ಮಿನಿ ಬಂದಾಗ ಎಲ್ಲಾ ಕಡೆ 249 ಗ್ರಾಂ. ಜಪಾನಿಗೆ ಮಾತ್ರ ಚಿಕ್ಕ ಬ್ಯಾಟರಿ ಹಾಕಿ 199 ಗ್ರಾಂಗೆ ಇಳಿಸಿದ್ದರು, ಅಲ್ಲಿನ ಗೆರೆ ಆಗ 200 ಇತ್ತು. ಈಗ ಮಿನಿ 4 ಪ್ರೋ ಮಾಲೀಕರು ಮಾಡುವ ಸಾಮಾನ್ಯ ತಪ್ಪು ನೋಡಿ: ಹೆಚ್ಚು ಹೊತ್ತು ಹಾರಲಿ ಅಂತ 'ಪ್ಲಸ್' ಬ್ಯಾಟರಿ ಹಾಕ್ತಾರೆ. 34 ನಿಮಿಷ 45 ಆಗುತ್ತೆ, ತೂಕ ಸುಮಾರು 290 ಗ್ರಾಂಗೆ ಏರುತ್ತೆ. ಆ ಕ್ಷಣಕ್ಕೆ ಅದು ಭಾರತದ ಕಾನೂನಿನಲ್ಲಿ ಮೈಕ್ರೊ. ದುಡ್ಡಿಗೆ ಹಾರಿಸಬೇಕಂದ್ರೆ ತರಬೇತಿ ಸಂಸ್ಥೆಗೆ ಹೋಗಿ ಪೈಲಟ್ ಸರ್ಟಿಫಿಕೇಟ್ ತರಬೇಕು, ವಿಮೆ ಮಾಡಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಮಿನಿ 5 ಪ್ರೋ ಕತೆ ಇನ್ನೂ ಚೆನ್ನಾಗಿದೆ. ಕಂಪನಿಯೇ ಹೇಳುವ ತೂಕ 249.9 ಗ್ರಾಂ, ನಾಲ್ಕು ಗ್ರಾಂ ಹೆಚ್ಚುಕಮ್ಮಿ ಆಗಬಹುದಂತೆ. ನಿಮ್ಮ ಡಬ್ಬದೊಳಗಿರೋದು ನ್ಯಾನೊನಾ ಮೈಕ್ರೊನಾ ಅಂತ ಅಕ್ಕಸಾಲಿಗರ ತಕ್ಕಡಿ ಹೇಳಬೇಕು. ಹೆಚ್ಚು ದುಡ್ಡು ಕೊಟ್ಟಷ್ಟೂ ಕಾನೂನಿನ ಮಟ್ಟಿಗೆ ಹೆಚ್ಚು ಇಕ್ಕಟ್ಟು, ಅಷ್ಟೇ.

ಇಷ್ಟೆಲ್ಲಾ ಇದ್ದೂ ಶಿವಮೊಗ್ಗ, ಭದ್ರಾವತಿಯವರಿಗೆ ಇನ್ನೂ ಒಂದು ಪಾಠ ಬಾಕಿ ಇದೆ. ಅದರ ಹೆಸರು ಸೋಗಾನೆ.

2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದ, ಕುವೆಂಪು ಹೆಸರಿನ ವಿಮಾನ ನಿಲ್ದಾಣ ಇರೋದು ಈ ಎರಡು ಊರುಗಳ ಮಧ್ಯೆ. 3,200 ಮೀಟರ್ ರನ್‌ವೇ, ರಾಜ್ಯದಲ್ಲಿ ಬೆಂಗಳೂರಿನದು ಬಿಟ್ಟರೆ ಇದೇ ಉದ್ದ. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಇಂಡಿಗೊ ವಿಮಾನ ಬಂತು. ಊರಿಗೆ ವಿಮಾನ ಬಂದ ಸಂಭ್ರಮದಲ್ಲಿ ಯಾರೂ ಹೇಳದ ವಿಷಯ ಏನಂದ್ರೆ, ಅವತ್ತಿನಿಂದ ನಮ್ಮ ಆಕಾಶದ ಬಣ್ಣವೂ ಬದಲಾಯಿತು. ನಿಯಮದ ಪ್ರಕಾರ ನಿಲ್ದಾಣದ ಗಡಿಯಿಂದ 5 ಕಿ.ಮೀ. ಒಳಗೆ ಕೆಂಪು ವಲಯ, ಕೇಂದ್ರದ ಅನುಮತಿ ಬೇಕು. 5ರಿಂದ 8 ಕಿ.ಮೀ. ನೆಲದಿಂದಲೇ ಹಳದಿ, ಅಂದರೆ ವಾಯು ಸಂಚಾರ ನಿಯಂತ್ರಕರನ್ನು ಕೇಳದೆ ಒಂದಡಿಯೂ ಏರಿಸುವಂತಿಲ್ಲ. 8ರಿಂದ 12 ಕಿ.ಮೀ. ತನಕ 200 ಅಡಿವರೆಗೆ ಹಸಿರು, ಅದರ ಮೇಲೆ ಹಳದಿ. ಅದರಾಚೆ ಬೇರೆ ನಿರ್ಬಂಧ ಇಲ್ಲದ ಕಡೆ 400 ಅಡಿ.

ನಕ್ಷೆ ತೆಗೆದು ಅಳೆದು ನೋಡಿ. ಶಿವಮೊಗ್ಗ ನಗರದ ಮತ್ತು ಭದ್ರಾವತಿಯ ಬಹುಭಾಗ ಈ 12 ಕಿ.ಮೀ. ಒಳಗೇ ಬೀಳುತ್ತೆ. ಬಿ.ಎಚ್. ರಸ್ತೆ ಗುಂಟ ಮಾಚೇನಹಳ್ಳಿ ಕಡೆ ಬಂದಷ್ಟೂ ಇನ್ನೂ ಹತ್ತಿರ. ಒಂದೇ ದಿನ ಬೆಳಿಗ್ಗೆ ಭದ್ರಾವತಿಯ ಛತ್ರ, ಸಂಜೆ ಶಿವಮೊಗ್ಗದ ಹಾಲ್ ಅಂತ ಓಡಾಡುವ ಹುಡುಗ ಗೊತ್ತಿಲ್ಲದೇ ಎರಡು ಮೂರು ಬಣ್ಣ ದಾಟಿರ್ತಾನೆ. ನ್ಯಾನೊ ಡ್ರೋನಿಗೆ ಸರ್ಟಿಫಿಕೇಟ್ ಬೇಡ ಅನ್ನೋ ವಿನಾಯಿತಿ ವಲಯಕ್ಕೆ ಅನ್ವಯಿಸಲ್ಲ. 250 ಗ್ರಾಂ ಆದರೂ ಬಣ್ಣ ಬಣ್ಣವೇ. ಡ್ರೋನೇ ತಡೆಯುತ್ತೆ ಅಂತ ನಂಬಿಕೊಂಡಿದ್ದರೆ ಅದನ್ನೂ ಬಿಡಿ: ನಿಷೇಧಿತ ಜಾಗದಲ್ಲಿ ಏರದಂತೆ ತಡೆಯುವ ವ್ಯವಸ್ಥೆಯನ್ನು ಡಿಜೆಐ 2025ರ ಜನವರಿಯಲ್ಲಿ ಅಮೆರಿಕದಲ್ಲೇ ಸಡಿಲಿಸಿತು, ಈಗ ಅದು ಎಚ್ಚರಿಕೆ ಕೊಟ್ಟು ನಿಮ್ಮ ಜವಾಬ್ದಾರಿಗೆ ಬಿಡುತ್ತೆ.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಮುಚ್ಚಿಡಲ್ಲ. 200 ಅಡಿ ಅಂದರೆ 60 ಮೀಟರ್. ಮದುವೆ ಶಾಟಿಗೆ ಅದು ಬೇಕಾದಷ್ಟಾಯ್ತು. ಹಸಿರು ಇರುವ ಕಡೆ, ಯುಐಎನ್ ಇರುವ ನ್ಯಾನೊ ಡ್ರೋನನ್ನು ಯಾರ ಕೈಕಾಲು ಹಿಡಿಯದೆ ಹಾರಿಸಬಹುದು. ಕಾನೂನು ಅಷ್ಟು ಜಾಗ ಬಿಟ್ಟಿದೆ. ಆ ಜಾಗದಲ್ಲಿ ಹಾರಿಸೋಕೆ ಕಾನೂನುಬದ್ಧ ಡ್ರೋನ್ ಸಿಗದಂತೆ ಇನ್ನೊಂದು ಇಲಾಖೆ ನೋಡಿಕೊಂಡಿದೆ. ರಸ್ತೆ ಮಾಡಿ, ಲೈಸೆನ್ಸ್ ಬೇಡ ಅಂತ ಹೇಳಿ, ಸೈಕಲ್ ಮಾರಾಟ ನಿಲ್ಲಿಸಿದ ಹಾಗೆ.

ನಿಷೇಧದ ಪರ ವಾದ ಇಲ್ಲವೇ? ಇದೆ, ಹಗುರವಾದದ್ದೂ ಅಲ್ಲ. 2021ರ ಜೂನ್ 27ರಂದು ಜಮ್ಮು ವಾಯುನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕ ಬಿದ್ದಿತ್ತು. ಚೀನೀ ಕಂಪನಿಯ ಆ್ಯಪ್ ನಮ್ಮ ನೆಲದ ಚಿತ್ರ, ಜಾಗದ ವಿವರ ಹಿಡಿದಿಟ್ಟುಕೊಳ್ಳುತ್ತೆ ಅನ್ನೋ ಆತಂಕ ಭಾರತದ್ದು ಮಾತ್ರ ಅಲ್ಲ, ಅಮೆರಿಕದ್ದೂ ಹೌದು. ಸರಿ. ಆದರೆ ನಿಷೇಧದಿಂದ ಆಗಿದ್ದೇನು? ಡ್ರೋನ್ ಬರೋದು ನಿಲ್ಲಲಿಲ್ಲ, ಲೆಕ್ಕಕ್ಕೆ ಸಿಗೋದು ನಿಂತಿತು. ಬಿಲ್ ಇದ್ದು ನಂಬರ್ ಇದ್ದಿದ್ದರೆ ಯಾವ ಡ್ರೋನ್ ಯಾರದ್ದು ಅಂತ ಪೊಲೀಸರಿಗೆ ಒಂದು ಪಟ್ಟಿಯಾದರೂ ಸಿಗ್ತಿತ್ತು. ನಮ್ಮ ಮನೆ ಟೆರೇಸ್ ಮೇಲೆ ಬಟ್ಟೆ ಒಣಗಿಸುವ ಹೆಣ್ಣುಮಗಳ ಮೇಲೆ ಒಂದು ಡ್ರೋನ್ ಬಂದು ನಿಂತರೆ ಅದು ಯಾರದ್ದು ಅಂತ ಪತ್ತೆ ಹಚ್ಚೋಕೆ ಈಗ ಇರುವ ದಾರಿ, ಅದು ಇಳಿಯುವ ತನಕ ಹಿಂದೆ ಓಡೋದು.

ಇನ್ನೊಂದು ವಾದ ಸ್ವದೇಶಿ ತಯಾರಿಕೆ. ಆಮದು ನಿಲ್ಲಿಸಿದರೆ ಇಲ್ಲೇ ತಯಾರಾಗುತ್ತೆ. ಭದ್ರಾವತಿಯವರಿಗೆ ಈ ಮಾತು ಹೊಸದಲ್ಲ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದ ಊರು ಅದು. ಆಗ ಮೈಸೂರು ಸರ್ಕಾರ ಬರೀ ಹೊರಗಿನದ್ದನ್ನು ತಡೆದು ಕೂರಲಿಲ್ಲ, ತಾನೇ ದುಡ್ಡು ಸುರಿದು ಕುಲುಮೆ ಹಾಕಿತು. ಈಗ? ಡ್ರೋನ್ ಮತ್ತು ಬಿಡಿಭಾಗ ತಯಾರಿಕೆಗೆ 2021ರಲ್ಲಿ ಘೋಷಿಸಿದ ಪ್ರೋತ್ಸಾಹ ಯೋಜನೆಯ ಗಾತ್ರ, ಇಡೀ ದೇಶಕ್ಕೆ, ಮೂರು ವರ್ಷಕ್ಕೆ, 120 ಕೋಟಿ. ನಮ್ಮ ವಿಮಾನ ನಿಲ್ದಾಣಕ್ಕೇ ಸುಮಾರು 450 ಕೋಟಿ ಆಗಿದೆ.

ನಮ್ಮ ಕಂಪನಿಗಳು ಡ್ರೋನ್ ಮಾಡ್ತಿಲ್ಲ ಅಂತಲ್ಲ, ಒಳ್ಳೆಯವನ್ನೇ ಮಾಡ್ತಿವೆ. ಸೇನೆಗೆ, ಸರ್ವೆಗೆ, ಹೊಲಕ್ಕೆ ಔಷಧಿ ಹೊಡೆಯೋಕೆ. ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಮನೆಗಳ ಅಳತೆಗೆ ಡ್ರೋನ್ ಹಾರಿತು, 2020ರ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಗುಂಪಿಗೆ ಶೇ. 80ರಷ್ಟು, ಗರಿಷ್ಠ 8 ಲಕ್ಷದವರೆಗೆ ಸಹಾಯಧನ. ಇವೆಲ್ಲಕ್ಕೂ ಗಿರಾಕಿ ಸರ್ಕಾರವೇ, ಅಥವಾ ಸರ್ಕಾರದ ದುಡ್ಡು. 250 ಗ್ರಾಂ ಒಳಗೆ ಸೆನ್ಸರ್, ಮೂರು ದಿಕ್ಕಿನ ಗಿಂಬಲ್, ಕಿಲೋಮೀಟರುಗಟ್ಟಲೆ ಚಿತ್ರ ಕಳಿಸುವ ರೇಡಿಯೊ ಎಲ್ಲವನ್ನೂ ತುಂಬಿ 25 ಸಾವಿರಕ್ಕೆ ಮಾರಬೇಕಂದ್ರೆ ಲಕ್ಷಗಟ್ಟಲೆ ತಯಾರಿಸಬೇಕು, ಲಕ್ಷಗಟ್ಟಲೆ ಕೊಳ್ಳುವವರಿದ್ದಾರೆ ಅಂತ ಗೊತ್ತಿರಬೇಕು. ಕೊಳ್ಳುವವರು ಇದ್ದಾರೆ, ಆದರೆ ಅವರೆಲ್ಲ ಕಳ್ಳಮಾರ್ಕೆಟ್ಟಿನಲ್ಲಿ ಇರೋದರಿಂದ ಯಾವ ಕಂಪನಿಯ ಲೆಕ್ಕದ ಹಾಳೆಗೂ ಕಾಣ್ತಿಲ್ಲ. ಇನ್ನು 2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿಯನ್ನು ಶೇ. 5ಕ್ಕೆ ಇಳಿಸಿದ್ದಾರೆ. ಕ್ಯಾಮೆರಾ ಇರುವವಕ್ಕೆ ಮುಂಚೆ 18 ಇತ್ತು, ಸ್ವಂತ ಬಳಕೆಯವಕ್ಕೆ 28. ಒಳ್ಳೆಯದೇ. ಬಿಲ್ಲೇ ಇಲ್ಲದ ಸಾಮಾನಿಗೆ ಐದಾದರೇನು, ಇಪ್ಪತ್ತೆಂಟಾದರೇನು?

ಈ ನಡುವೆ ಅದೇ ತಿಂಗಳು ಕೇಂದ್ರ ನಾಗರಿಕ ಡ್ರೋನ್ ಮಸೂದೆಯ ಕರಡು ಹೊರಗೆ ಬಿಟ್ಟಿದೆ. ಈಗಿನ ನಿಯಮಗಳಲ್ಲಿ ಉಲ್ಲಂಘನೆಗೆ ಗರಿಷ್ಠ ಒಂದು ಲಕ್ಷ ದಂಡ. ಕರಡಿನಲ್ಲಿ ಜೈಲು ಸೇರಿಕೊಂಡಿದೆ. ನಾನು ತಲೆ ಕೆಡಿಸಿಕೊಂಡಿರೋದು ಇದಕ್ಕೆ. ಗಣಪತಿ ಮೆರವಣಿಗೆ ಬಂದಾಗ ಶಿವಮೊಗ್ಗದ ಬೀದಿಗಳ ಮೇಲೆ ಪೊಲೀಸರ ಡ್ರೋನ್ ಹಾರೋದು ಈಗ ಮಾಮೂಲು, ಅದನ್ನು ಯಾರೂ ಪ್ರಶ್ನಿಸಲ್ಲ. ನಾಳೆ ಮೆರವಣಿಗೆಯಲ್ಲಿ ಲಾಠಿ ಬೀಸಿದರೆ ಅದನ್ನು ಮೇಲಿನಿಂದ ತೆಗೆದ ಹುಡುಗನನ್ನು ಕೇಳುವ ಮೊದಲ ಪ್ರಶ್ನೆ, ನಿನ್ನ ಡ್ರೋನಿನ ನಂಬರ್ ಎಲ್ಲಿ ಅಂತ. ಎಲ್ಲರೂ ಸ್ವಲ್ಪ ಸ್ವಲ್ಪ ತಪ್ಪಿತಸ್ಥರಾಗಿರೋ ವ್ಯವಸ್ಥೆಯಲ್ಲಿ ಯಾರನ್ನು ಹಿಡಿಯಬೇಕು ಅನ್ನೋದು ಹಿಡಿಯುವವರ ಇಷ್ಟ.

ಮತ್ತೆ ಇದು ಶೋಕಿಯ ವಿಷಯ ಅಂತ ಯಾರಾದರೂ ಅಂದ್ರೆ ಅವರನ್ನು ಭದ್ರಾವತಿಗೆ ಕರೆದುಕೊಂಡು ಬನ್ನಿ. ಕಾಗದ ಕಾರ್ಖಾನೆ ಉತ್ಪಾದನೆ ಕಳೆದ ದಶಕದಲ್ಲೇ ನಿಂತಿತು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಆಗಸ್ಟ್‌ನಲ್ಲಿ ಒಂದಷ್ಟು ಉತ್ಪಾದನೆ ಮತ್ತೆ ಶುರುವಾಯ್ತು. ನನ್ನ ಚಿಕ್ಕಪ್ಪನಿಗೆ ಕಾರ್ಖಾನೆಯ ಸೈರನ್ ಕೇಳಿ ಏಳುವ ಅಭ್ಯಾಸ ಇನ್ನೂ ಹೋಗಿಲ್ಲ. ಅವರ ಮಗ ಏಳೋದು ಮುಹೂರ್ತದ ಲೆಕ್ಕದಲ್ಲಿ. ಅವನಿಗೆ ಡ್ರೋನ್ ಇದ್ದರೆ ಪ್ಯಾಕೇಜಿಗೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ಅದು ಅವನ ಲೇತ್ ಮಷೀನು.

ಮಾಡಬಹುದಾದದ್ದು ದೊಡ್ಡದೇನಲ್ಲ. 2020ರ ಜನವರಿಯಲ್ಲಿ ವಿಮಾನಯಾನ ಸಚಿವಾಲಯವೇ, ನಿಯಮ ಪಾಲಿಸದ ಡ್ರೋನ್ ಇದ್ದವರು ತಾವಾಗೇ ಘೋಷಿಸಿಕೊಳ್ಳಲಿ ಅಂತ ಅವಕಾಶ ಕೊಟ್ಟಿತ್ತು. ಅಂಥ ಒಂದು ಬಾಗಿಲನ್ನು ನ್ಯಾನೊ ಡ್ರೋನುಗಳಿಗೆ ಇನ್ನೊಮ್ಮೆ ತೆರೆಯಲಿ: ದಂಡ ಕಟ್ಟಿಸಿಕೊಳ್ಳಲಿ, ನಂಬರ್ ಕೊಡಲಿ. ಇಲ್ಲಿ ಬದಲಿ ತಯಾರಾಗುವ ತನಕ ಸುಂಕ ಹಾಕಿ ಲೆಕ್ಕಕ್ಕೆ ಸಿಗುವಂತೆ ತರಲು ಬಿಡಲಿ. ಕರಡಿನಿಂದ ನ್ಯಾನೊಗೆ ಜೈಲನ್ನು ತೆಗೆಯಲಿ. ಸೋಗಾನೆ ನಿಲ್ದಾಣ ನಡೆಸುವುದು ರಾಜ್ಯ ಸರ್ಕಾರದ್ದೇ ಕೆಎಸ್‌ಐಐಡಿಸಿ. ಎಲ್ಲೆಲ್ಲಿ ಯಾವ ಬಣ್ಣ ಅಂತ ಕನ್ನಡದಲ್ಲಿ ಒಂದು ನಕ್ಷೆ ಮಾಡಿ ಛತ್ರಗಳ ಗೋಡೆಗೆ ಅಂಟಿಸೋಕೆ ದೆಹಲಿಯನ್ನು ಕೇಳಬೇಕಾಗಿಲ್ಲ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ತಗೊಳ್ಳಲೇಬೇಡ ಅಂದೆ, ತಗೊಂಡೇ ತೀರ್ತೀನಿ ಅಂದ್ರೆ ಪ್ರೋ ಗೋಜಿಗೆ ಹೋಗಬೇಡ, ಬಿದ್ದರೆ ವಾರಂಟಿ ಇಲ್ಲ, ಗಿಂಬಲ್ ರಿಬ್ಬನ್ ಹರಿದರೆ ಬೆಂಗಳೂರಿಗೆ ಕೊರಿಯರ್, ಹಿಡಿದರೆ ಪೂರ್ತಿ ಹೋಯ್ತು, 65 ಸಾವಿರ ಕಳೆದುಕೊಳ್ಳೋದಕ್ಕಿಂತ 25 ಸಾವಿರ ಕಳೆದುಕೊಳ್ಳೋದು ಕಮ್ಮಿ ನೋವು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸದ್ಯಕ್ಕೆ ದಿನಬಾಡಿಗೆಗೆ ತರ್ತೀನಿ ಬಿಡಣ್ಣಾ, ಹದಿನಾಲ್ಕಕ್ಕೆ ಒಂದು ಆರತಕ್ಷತೆ ಇದೆ" ಅಂದ. ಎಲ್ಲಿ ಅಂತ ಕೇಳಿದೆ. ಮಾಚೇನಹಳ್ಳಿ ಹತ್ತಿರ ಅಂದ.